ರಕ್ತದಾನದ ಬಳಿಕ ತಮ್ಮನಿಗೆ ಹೆಪಟೈಟಿಸ್ ಬಿ ಇರುವುದು ತಿಳಿಯಿತು: ಮನೆಯವರು ಏನು ಮಾಡಬೇಕು?

ಪ್ರಶ್ನೆ (ದಾವಣಗೆರೆಯಿಂದ)

ಕಳೆದ ತಿಂಗಳು ನನ್ನ ತಮ್ಮ ತನ್ನ ಕಾಲೇಜಿನಲ್ಲಿ ನಡೆದ ಶಿಬಿರದಲ್ಲಿ ಮೊದಲ ಬಾರಿಗೆ ರಕ್ತದಾನ ಮಾಡಿದ. ಎರಡು ವಾರಗಳ ಬಳಿಕ ರಕ್ತನಿಧಿಯವರು ಅವನನ್ನು ಕರೆಸಿಕೊಂಡು, ರಕ್ತದಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದಿದೆ, ಇದು ಹೆಪಟೈಟಿಸ್ ಬಿ ಸೋಂಕಿನ ಗುರುತು, ತಡಮಾಡದೆ ವೈದ್ಯರನ್ನು ಕಾಣಬೇಕು ಎಂದು ತಿಳಿಸಿ ಚೀಟಿ ಬರೆದುಕೊಟ್ಟರು. ಅವನಿಗೆ ಈಗ 22 ವರ್ಷ. ಕಣ್ಣು ಹಳದಿಯಾಗಿಲ್ಲ, ಜ್ವರವಿಲ್ಲ, ಹಸಿವು ಚೆನ್ನಾಗಿದೆ, ದಿನವೂ ಬೆಳಿಗ್ಗೆ ವಾಲಿಬಾಲ್ ಆಡುತ್ತಾನೆ. ಇಂಥವನ ಯಕೃತ್ತಿನಲ್ಲಿ ಕಾಯಿಲೆಯಿದೆ ಎಂದರೆ ನಮ್ಮಲ್ಲಿ ಯಾರಿಗೂ ಇನ್ನೂ ನಂಬಲಾಗುತ್ತಿಲ್ಲ.

ಆ ಚೀಟಿ ಮನೆಗೆ ಬಂದ ದಿನದಿಂದ ಅಮ್ಮ ಅವನ ತಟ್ಟೆ, ಲೋಟ, ಹಾಸಿಗೆಗಳನ್ನು ಬೇರೆ ಮಾಡಿದ್ದಾರೆ. ಸೋದರಮಾವ ಬಂದು, ಇದು ಅರಿಶಿನ ಕಾಮಾಲೆಯೇ, ಪಕ್ಕದ ತಾಲ್ಲೂಕಿನಲ್ಲಿ ಬೇರು ಅರೆದು ಕೊಡುವವರಿದ್ದಾರೆ, ಮೂರು ವಾರ ಪಥ್ಯ ಮಾಡಿದರೆ ಗುಣವಾಗುತ್ತದೆ ಎಂದು ಹೇಳಿಹೋದರು. ಇನ್ನೊಬ್ಬ ಬಂಧುಗಳು, ಈ ಕಾಯಿಲೆ ದುರಭ್ಯಾಸವಿರುವವರಿಗೆ ಮಾತ್ರ ಬರುವಂಥದ್ದು ಎಂದು ಅವನ ಎದುರಿನಲ್ಲೇ ಹೇಳಿದರು. ಅಂದಿನಿಂದ ಅವನು ಯಾರೊಂದಿಗೂ ಸರಿಯಾಗಿ ಮಾತನಾಡುತ್ತಿಲ್ಲ. ಊಟವನ್ನೂ ತನ್ನ ಕೋಣೆಗೆ ಒಯ್ದು ಒಬ್ಬನೇ ಮಾಡುತ್ತಾನೆ.

ನನ್ನ ಪತ್ನಿ ಈಗ ಐದು ತಿಂಗಳ ಗರ್ಭಿಣಿ, ನಾವೆಲ್ಲರೂ ಒಂದೇ ಮನೆಯಲ್ಲಿದ್ದೇವೆ. ಈ ಸೋಂಕು ಅವನಿಗೆ ಎಲ್ಲಿಂದ ಬಂದಿರಬಹುದು, ನಮಗೆ ಹರಡುತ್ತದೆಯೇ, ಯಾವ ತೊಂದರೆಯೂ ಕಾಣದಿರುವಾಗ ಯಕೃತ್ತಿನ ಒಳಗೆ ನಿಜವಾಗಿ ಏನು ನಡೆಯುತ್ತಿರುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ (ವೈದ್ಯ, ಮೈಸೂರು)

ಮೊದಲು ತಟ್ಟೆಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಸದ್ಯ ನಿಮ್ಮ ತಮ್ಮನಿಗೆ ವೈರಾಣುವಿಗಿಂತ ಹೆಚ್ಚಿನ ನೋವು ಅದರಿಂದಲೇ ಆಗುತ್ತಿದೆ. ಜೊತೆಯಲ್ಲಿ ಕುಳಿತು ಉಣ್ಣುವುದರಿಂದ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಕೆಮ್ಮು ಸೀನುಗಳಿಂದ, ತಬ್ಬಿಕೊಳ್ಳುವುದರಿಂದ ಹೆಪಟೈಟಿಸ್ ಬಿ ಹರಡುವುದಿಲ್ಲ. ಅದು ಹರಡುವುದು ಸೋಂಕಿತರ ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹಾಗೂ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. ಅವನ ತಟ್ಟೆಯನ್ನು ಇಂದೇ ಉಳಿದವರ ತಟ್ಟೆಗಳ ಜೊತೆಗೆ ಇಡಿ.

ಈ ಗೊಂದಲಕ್ಕೆ ನಮ್ಮ ಭಾಷೆಯ ಒಂದು ರೂಢಿಯೂ ಕಾರಣವೆಂದು ನನಗೆ ಅನೇಕ ಸಲ ಅನ್ನಿಸಿದೆ. ಕಣ್ಣು ಹಳದಿಯಾದರೆ ಸಾಕು, ನಾವು ಎಲ್ಲವನ್ನೂ ಕಾಮಾಲೆ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಕಾಮಾಲೆ ಕಾಯಿಲೆಯಲ್ಲ, ಲಕ್ಷಣ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಅದು ಬರುತ್ತದೆ, ಮದ್ಯದಿಂದಲೂ ಬರುತ್ತದೆ, ಎ, ಬಿ, ಸಿ, ಡಿ, ಇ ಎಂದು ಹೆಸರಿಸಿರುವ ಐದು ಬೇರೆಬೇರೆ ವೈರಾಣುಗಳಿಂದಲೂ ಬರುತ್ತದೆ. ಇವುಗಳಲ್ಲಿ ಎ ಮತ್ತು ಇ ಮಾತ್ರ ಕೊಳಕು ನೀರು, ಆಹಾರಗಳ ಮೂಲಕ ಬಾಯಿಂದ ಒಳಹೋಗುವಂಥವು. 1955-56ರಲ್ಲಿ ದೆಹಲಿಯಲ್ಲಿ ಯಮುನೆಯ ಕುಡಿಯುವ ನೀರಿಗೆ ಚರಂಡಿಯ ನೀರು ಸೇರಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಬಹುಕಾಲ ಅದನ್ನು ಎ ಎಂದೇ ತಿಳಿಯಲಾಗಿತ್ತು, ಕಾದಿರಿಸಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಹಾಗಲ್ಲವೆಂದು ಗೊತ್ತಾಗಿ, ಮುಂದೆ ಅದು ಇ ಎಂದು ಖಚಿತವಾಯಿತು. ಬಿ ವೈರಾಣುವಿನ ಹಾದಿ ಬೇರೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಅದು ಹಬ್ಬಿ ಅನೇಕರು ಸತ್ತಾಗ ಬಯಲಾದದ್ದು ಬಳಸಿದ ಸಿರಿಂಜುಗಳನ್ನೇ ಮತ್ತೆ ಮತ್ತೆ ಬಳಸಿದ ಸಂಗತಿ. ನೀರಿನ ಕಾಮಾಲೆಗೆ ಹೇಳುವ ಪಥ್ಯ, ಮಡಿಗಳನ್ನು ರಕ್ತದ ಸೋಂಕಿಗೆ ಅನ್ವಯಿಸುವುದರಲ್ಲಿ ಅರ್ಥವಿಲ್ಲ.

ಇನ್ನು ಇದು ಅವನಿಗೆ ಎಲ್ಲಿಂದ ಬಂದಿತು ಎಂಬುದು. ವಯಸ್ಕರಾದ ಮೇಲೆ ಈ ಸೋಂಕು ತಗಲಿದರೆ 100ರಲ್ಲಿ 95ಕ್ಕೂ ಹೆಚ್ಚು ಜನರ ದೇಹವು ಆರು ತಿಂಗಳೊಳಗೆ ತಾನಾಗಿಯೇ ಅದನ್ನು ಹೊರದೂಡುತ್ತದೆ. ಹುಟ್ಟುವಾಗ ಅಥವಾ ಮೊದಲ ವರ್ಷದೊಳಗೆ ತಗಲಿದರೆ ಲೆಕ್ಕ ತಿರುವುಮುರುವಾಗುತ್ತದೆ: ಅಂಥ 100 ಮಕ್ಕಳಲ್ಲಿ ಸುಮಾರು 90 ಮಕ್ಕಳಲ್ಲಿ ಸೋಂಕು ಬಹುಕಾಲ ಉಳಿದುಬಿಡುತ್ತದೆ. ಇದಕ್ಕೆ ಕಾರಣವಿದೆ. ಯಕೃತ್ತಿನ ಜೀವಕೋಶಗಳನ್ನು ಈ ವೈರಾಣು ನೇರವಾಗಿ ಕೊಲ್ಲುವುದಿಲ್ಲ. ಸೋಂಕು ಹೊಕ್ಕ ಜೀವಕೋಶಗಳನ್ನು ಗುರುತಿಸಿ ಕೊಲ್ಲುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ನವಜಾತ ಶಿಶುವಿನ ರೋಗನಿರೋಧಕ ವ್ಯವಸ್ಥೆಯು ವೈರಾಣುವನ್ನು ಪರಕೀಯವೆಂದು ಗುರುತಿಸದೆ ಸುಮ್ಮನಿರುವುದರಿಂದ ಇಪ್ಪತ್ತು, ಮೂವತ್ತು ವರ್ಷಗಳವರೆಗೆ ಯಾವ ಜಗಳವೂ ನಡೆಯುವುದಿಲ್ಲ, ಯಾವ ಲಕ್ಷಣವೂ ಕಾಣುವುದಿಲ್ಲ. ಆದುದರಿಂದ ನಿಮ್ಮ ತಮ್ಮನದು ಹಳೆಯ ಸೋಂಕೆಂದು ಖಚಿತವಾದರೆ, ಅದು ಅವನಿಗೆ ಹುಟ್ಟಿನಲ್ಲಿ ಅಥವಾ ಎಳೆಯ ವಯಸ್ಸಿನಲ್ಲಿ ಬಂದಿರುವ ಸಂಭವವೇ ಹೆಚ್ಚು. ಅವನು ಹುಟ್ಟಿದ ಕಾಲಕ್ಕೆ ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಲಸಿಕೆ ಎಲ್ಲರಿಗೂ ಸಿಗುತ್ತಿರಲಿಲ್ಲ. 2002-03ರಲ್ಲಿ ಕೆಲವೆಡೆ ಪ್ರಾಯೋಗಿಕವಾಗಿ ಆರಂಭವಾಗಿ, ದೇಶಾದ್ಯಂತ ವಿಸ್ತರಿಸಿದ್ದು 2011ರಲ್ಲಿ. ಬಂಧುಗಳು ಅವನ ನಡತೆಯ ಬಗ್ಗೆ ಆಡಿದ ಮಾತಿಗೆ ಯಾವ ಆಧಾರವೂ ಇಲ್ಲ, ಇದನ್ನು ಅವನಿಗೆ ಬಾಯಿಬಿಟ್ಟು ಹೇಳಿ.

ಈ ಕಾರಣದಿಂದಲೇ ಮನೆಯಲ್ಲಿ ಮೊದಲು ಪರೀಕ್ಷೆಯಾಗಬೇಕಾದದ್ದು ನಿಮ್ಮ ತಾಯಿಯವರಿಗೆ. ಆಮೇಲೆ ನೀವು ಒಡಹುಟ್ಟಿದವರು, ನಿಮ್ಮ ತಂದೆ, ಹಾಗೂ ನಿಮ್ಮ ಪತ್ನಿ.

ತಮ್ಮನಿಗೆ ಒಂದು ಪಾಸಿಟಿವ್ ಚೀಟಿ ಸಾಲದು. ಎಚ್‌ಬಿಎಸ್‌ಎಜಿ ಆರು ತಿಂಗಳು ಮೀರಿ ಉಳಿದರೆ ಮಾತ್ರ ಅದನ್ನು ದೀರ್ಘಕಾಲದ ಸೋಂಕು ಎನ್ನುತ್ತೇವೆ. ಈಗ ವೈರಾಣು ಚುರುಕಾಗಿ ಹೆಚ್ಚುತ್ತಿದೆಯೇ ಎಂದು ತಿಳಿಸುವ ಎಚ್‌ಬಿಇ ಪ್ರತಿಜನಕ, ರಕ್ತದಲ್ಲಿರುವ ವೈರಾಣುವಿನ ಡಿಎನ್‌ಎ ಪ್ರಮಾಣ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಎಣಿಕೆ, ಹೊಟ್ಟೆಯ ಸ್ಕ್ಯಾನಿಂಗ್, ಸಾಧ್ಯವಾದರೆ ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಆಗಬೇಕು. ಎಸ್‌ಜಿಪಿಟಿ ಯಕೃತ್ತಿನ ಜೀವಕೋಶಗಳ ಒಳಗಿರುವ ಕಿಣ್ವ. ಅದು ರಕ್ತದಲ್ಲಿ ಹೆಚ್ಚಾಗಿದೆಯೆಂದರೆ ಒಳಗೆ ಜೀವಕೋಶಗಳು ಒಡೆಯುತ್ತಿವೆ ಎಂದರ್ಥ. ಒಡೆದ ಜಾಗದಲ್ಲಿ ಹೊಸ ಜೀವಕೋಶಗಳು ಹುಟ್ಟುತ್ತವೆ, ಯಕೃತ್ತಿಗೆ ಆ ಶಕ್ತಿ ಬೇರೆಲ್ಲ ಅಂಗಗಳಿಗಿಂತ ಹೆಚ್ಚು. ಆದರೆ ಒಡೆಯುವುದು ವರ್ಷಗಟ್ಟಲೆ ನಿಲ್ಲದಿದ್ದರೆ ಗಾಯ ಮಾಯ್ದ ಕಲೆಯಂತೆ ನಾರು ಕಟ್ಟತೊಡಗುತ್ತದೆ. ಆ ನಾರು ಯಕೃತ್ತನ್ನೆಲ್ಲ ಆವರಿಸಿ, ನಡುನಡುವೆ ಗಂಟುಗಳು ಎದ್ದು, ಮೆತ್ತಗಿದ್ದ ಅಂಗ ಗಟ್ಟಿಯಾಗುವುದನ್ನೇ ಸಿರೋಸಿಸ್ ಎನ್ನುವುದು. ಕರುಳಿನಿಂದ ಬರುವ ರಕ್ತಕ್ಕೆ ಆಗ ಸಲೀಸಾದ ದಾರಿಯಿರುವುದಿಲ್ಲ. ಅದು ಹಿಂದಕ್ಕೆ ಒತ್ತಿ ಗುಲ್ಮವನ್ನು (ಸ್ಪ್ಲೀನ್) ಊದಿಸುತ್ತದೆ, ಅನ್ನನಾಳದ ರಕ್ತನಾಳಗಳನ್ನು ಉಬ್ಬಿಸುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿಸುತ್ತದೆ. ಯಕೃತ್ತಿನ ಒಳಭಾಗದಲ್ಲಿ ನೋವಿನ ಅರಿವು ಇಲ್ಲದಿರುವುದರಿಂದ, ಇಷ್ಟೆಲ್ಲ ಆಗುವವರೆಗೂ ಬಹಳ ಜನಕ್ಕೆ ಏನೂ ತಿಳಿದಿರುವುದಿಲ್ಲ. ಬಿ ಸೋಂಕಿನ ಇನ್ನೊಂದು ಅಪಾಯವೆಂದರೆ, ಸಿರೋಸಿಸ್ ಆಗದೆಯೂ ಯಕೃತ್ತಿನ ಕ್ಯಾನ್ಸರ್ ಬರಬಹುದು. ವಾಲಿಬಾಲ್ ಆಡುವ ಹುಡುಗನಿಗೂ ನಿಗದಿತ ಅವಧಿಗೆ ಪರೀಕ್ಷೆ ಬೇಕೆನ್ನುವುದು ಇದಕ್ಕಾಗಿ.

ಎಲ್ಲರಿಗೂ ಕೂಡಲೇ ಮಾತ್ರೆ ಬೇಕಾಗುವುದಿಲ್ಲ. ಮೇಲಿನ ಪರೀಕ್ಷೆಗಳನ್ನು ಒಟ್ಟಿಗೆ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಬೇಕಾದವರಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ದಿನಕ್ಕೊಂದು ಮಾತ್ರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ.

ನಿಮ್ಮ ಪತ್ನಿಗೆ ಸೋಂಕು ಇಲ್ಲ, ಅದರಿಂದ ಕಾಪಾಡುವ ಪ್ರತಿಕಾಯವೂ ರಕ್ತದಲ್ಲಿ ಇಲ್ಲ ಎಂದಾದರೆ ಗರ್ಭಾವಸ್ಥೆಯಲ್ಲೂ ಲಸಿಕೆ ಕೊಡಬಹುದು, ಅದರಲ್ಲಿ ಜೀವಂತ ವೈರಾಣು ಇರುವುದಿಲ್ಲ. ಒಂದು ವೇಳೆ ಸೋಂಕಿದ್ದರೂ ಗಾಬರಿಯಾಗಬೇಡಿ. ಡಿಎನ್‌ಎ ಪ್ರಮಾಣ ಹೆಚ್ಚಿದ್ದರೆ ಕೊನೆಯ ಮೂರು ತಿಂಗಳು ಟೆನೊಫೊವಿರ್, ಮಗು ಹುಟ್ಟಿದ 12 ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದಾದ ಇಮ್ಯುನೊಗ್ಲಾಬ್ಯುಲಿನ್, ಇಷ್ಟು ಮಾಡಿದರೆ ಬಹುಪಾಲು ಮಕ್ಕಳನ್ನು ಕಾಪಾಡಬಹುದು. ಎದೆಹಾಲು ನಿಲ್ಲಿಸಬೇಕಾಗಿಲ್ಲ.

ಉತ್ತರ (ಹುಬ್ಬಳ್ಳಿಯಿಂದ)

ನಾನು ಈ ಸೋಂಕಿನೊಂದಿಗೆ 2009ರಿಂದ ಬದುಕುತ್ತಿದ್ದೇನೆ. ವೈದ್ಯರು ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದು ಎರಡೇ ಸಂಗತಿ. ಎರಡನ್ನೂ ಬಹಳ ಬೆಲೆ ತೆತ್ತು ಕಲಿತಿದ್ದೇನೆ.

ಮೊದಲನೆಯದು ಬೇರಿನ ಔಷಧಿ. ನಮ್ಮ ಕಡೆ ಕಾಮಣಿಗೆ ಔಷಧಿ ಕೊಡುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ನಾನು ಮೂರು ವರ್ಷ ಅಂಥವರಲ್ಲಿಗೆ ಹೋದೆ, ಕಣ್ಣು ಬೆಳ್ಳಗೇ ಇರುವುದನ್ನು ನೋಡಿ ಗುಣವಾಗಿದೆ ಎಂದು ತಿಳಿದೆ. ನನ್ನ ಕಣ್ಣು ಮೊದಲೂ ಹಳದಿಯಾಗಿರಲಿಲ್ಲ ಎಂಬುದು ಆಗ ಹೊಳೆಯಲೇ ಇಲ್ಲ. ನೀರಿನಿಂದ ಬರುವ ಕಾಮಣಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಆ ಹೊತ್ತಿಗೆ ಔಷಧಿ ಕೊಟ್ಟವರಿಗೆ ಹೆಸರು ಬರುತ್ತದೆ. ನೆಲನೆಲ್ಲಿಯ ಬಗ್ಗೆ ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಬರೀ ಅಜ್ಜಿಮದ್ದೇನೂ ಅಲ್ಲ: ಮದ್ರಾಸಿನ ಸಂಶೋಧಕರು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ನೆಲನೆಲ್ಲಿ ಪುಡಿ ತೆಗೆದುಕೊಂಡ ಅರ್ಧಕ್ಕಿಂತ ಹೆಚ್ಚು ಸೋಂಕಿತರಲ್ಲಿ ಎಚ್‌ಬಿಎಸ್‌ಎಜಿ ಮಾಯವಾಯಿತೆಂದು ಪ್ರಕಟಿಸಿದ್ದರು, ಈ ವೈರಾಣುವನ್ನು ಪತ್ತೆಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಮ್‌ಬರ್ಗ್ ಅವರೂ ಆ ಲೇಖಕರಲ್ಲಿ ಒಬ್ಬರು. ಆದರೆ ಮುಂದೆ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಸಿಕ್ಕಿದ್ದರೆ ನನ್ನಷ್ಟು ಸಂತೋಷಪಡುವವರು ಬೇರೆ ಯಾರೂ ಇರುತ್ತಿರಲಿಲ್ಲ. ಏನೇನು ಬೆರೆಸಿದ್ದಾರೆಂದು ತಿಳಿಯದ ಔಷಧಿಯನ್ನು ಮೊದಲೇ ಸೋಂಕು ತಗಲಿರುವ ಯಕೃತ್ತಿಗೆ ಉಣಿಸಬೇಡಿ.

ಎರಡನೆಯದು, ಆರಂಭಿಸಿದ ಮಾತ್ರೆಯನ್ನು ನಮ್ಮಷ್ಟಕ್ಕೆ ನಾವೇ ನಿಲ್ಲಿಸುವುದು. 2012ರಲ್ಲಿ ನನಗೆ ಟೆನೊಫೊವಿರ್ ಆರಂಭಿಸಿದರು. ಎರಡು ವರ್ಷದ ಬಳಿಕ ವರದಿಯಲ್ಲಿ ವೈರಾಣು ಪತ್ತೆಯಾಗಿಲ್ಲ ಎಂದು ಬಂದಾಗ ಹಬ್ಬದಂತೆ ಸಂಭ್ರಮಿಸಿ, ಯಾರನ್ನೂ ಕೇಳದೆ ಮಾತ್ರೆ ಬಿಟ್ಟೆ. ನಾಲ್ಕನೆಯ ತಿಂಗಳು ಮೂತ್ರ ಕಡು ಹಳದಿಯಾಯಿತು, ಅನ್ನ ಕಂಡರೆ ವಾಂತಿ ಬರುತ್ತಿತ್ತು, ಎಸ್‌ಜಿಪಿಟಿ ಸಾವಿರ ದಾಟಿತ್ತು. ಮೂರು ವಾರ ಆಸ್ಪತ್ರೆಯಲ್ಲಿದ್ದೆ. ವೈರಾಣು ತನ್ನ ಡಿಎನ್‌ಎಯ ಒಂದು ಸುರುಳಿಯನ್ನು ಯಕೃತ್ತಿನ ಜೀವಕೋಶದ ಕೇಂದ್ರದಲ್ಲೇ ಬಚ್ಚಿಟ್ಟಿರುತ್ತದೆ, ಮಾತ್ರೆ ಹೊಸ ವೈರಾಣುಗಳು ಹುಟ್ಟುವುದನ್ನು ತಡೆಯುತ್ತದೆಯೇ ಹೊರತು ಆ ಸುರುಳಿಯನ್ನು ಅಳಿಸುವುದಿಲ್ಲ ಎಂದು ಅಲ್ಲಿನ ವೈದ್ಯರು ಚಿತ್ರ ಬರೆದು ತಿಳಿಸಿಕೊಟ್ಟರು. ಪಕ್ಕದ ಹಾಸಿಗೆಯಲ್ಲಿದ್ದವರಿಗೆ ಇದ್ದದ್ದು ಹೆಪಟೈಟಿಸ್ ಸಿ. ಈಗ ಅದಕ್ಕೆ ಸಾಮಾನ್ಯವಾಗಿ 12 ವಾರದ ಮಾತ್ರೆಗಳು ಸಾಕು, 100ರಲ್ಲಿ 95ಕ್ಕೂ ಹೆಚ್ಚು ಜನ ಪೂರ್ತಿ ಗುಣವಾಗುತ್ತಾರೆ. ನಮ್ಮದು ಹಾಗಲ್ಲ, ಇದರೊಂದಿಗೆ ಶಿಸ್ತಿನಿಂದ ಬಾಳಬೇಕು.

ಹಾಗೆ ಬಾಳುವುದು ಕಷ್ಟವೇನೂ ಅಲ್ಲವೆಂದು ನಿಮ್ಮ ತಮ್ಮನಿಗೆ ತಿಳಿಸಿ. ನಾನು ಮದುವೆಗೆ ಮೊದಲೇ ವಿಷಯ ತಿಳಿಸಿದ್ದೆ, ನನ್ನ ಪತ್ನಿ ಮೂರು ಲಸಿಕೆ ಹಾಕಿಸಿಕೊಂಡು ಪ್ರತಿಕಾಯ ಬಂದಿರುವುದನ್ನು ಖಚಿತಪಡಿಸಿಕೊಂಡರು. ಇಬ್ಬರು ಮಕ್ಕಳಿದ್ದಾರೆ, ಇಬ್ಬರಿಗೂ ಸೋಂಕಿಲ್ಲ.

ಉತ್ತರ (ರಕ್ತನಿಧಿಯ ತಂತ್ರಜ್ಞೆ, ಮಂಗಳೂರು)

ದಾನವಾಗಿ ಬಂದ ಪ್ರತಿ ಯೂನಿಟ್ ರಕ್ತವನ್ನು ನಾವು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಎಂಬ ಐದಕ್ಕೆ ಪರೀಕ್ಷಿಸುತ್ತೇವೆ. ತಮ್ಮನ ಆ ಯೂನಿಟ್ ಯಾರಿಗೂ ಹೋಗಿರುವುದಿಲ್ಲ. ಅವನು ಆ ಬಗ್ಗೆ ಕೊರಗುತ್ತಿದ್ದರೆ ಸಮಾಧಾನ ಹೇಳಿ. ಕರೆ ಮಾಡಿದಾಗ ಅನೇಕ ಯುವಕರು ನಮ್ಮನ್ನು ಮೊದಲು ಕೇಳುವುದೇ ಅದನ್ನು. ಮುಂದೆ ಅವನು ರಕ್ತದಾನ ಮಾಡುವಂತಿಲ್ಲ.

ಮನೆಯಲ್ಲಿ ಬೇರೆ ಇಡಬೇಕಾದ ವಸ್ತುಗಳು ಇವೆ, ತಟ್ಟೆ ಲೋಟಗಳಲ್ಲ: ರೇಜರ್, ಬ್ಲೇಡ್, ಉಗುರುಕತ್ತರಿ, ಹಲ್ಲುಜ್ಜುವ ಬ್ರಷ್, ಸಕ್ಕರೆ ಪರೀಕ್ಷಿಸುವ ಸೂಜಿ. ಇವುಗಳಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿರಬಹುದು, ಆ ಒಣಗಿದ ರಕ್ತದಲ್ಲಿ ಈ ವೈರಾಣು ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಲಸಿಕೆಯಿಲ್ಲದವರಿಗೆ ಸೋಂಕಿತರ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ 1000ಕ್ಕೆ ಸುಮಾರು 3 ಆದರೆ, ಹೆಪಟೈಟಿಸ್ ಬಿ ತಗಲುವ ಸಂಭವ 100ಕ್ಕೆ 30ರವರೆಗೂ ಇರುತ್ತದೆ. ಹಾಗಿದ್ದೂ ಜನ ಹೆದರುವುದು ಎಚ್‌ಐವಿಗೆ ಮಾತ್ರ. ಗಾಯವಾದರೆ ಮುಚ್ಚಿ ಕಟ್ಟಲಿ, ನೆಲದ ಮೇಲೆ ಬಿದ್ದ ರಕ್ತವನ್ನು ಕೈಗವಸು ಹಾಕಿಕೊಂಡು ಬ್ಲೀಚ್ ದ್ರಾವಣದಿಂದ ಒರೆಸಿ. ಕ್ಷೌರದ ಅಂಗಡಿಯಲ್ಲಿ ನಿಮ್ಮ ಎದುರಿಗೇ ಹೊಸ ಬ್ಲೇಡ್ ಹಾಕಿಸಿಕೊಳ್ಳಿ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವವರು ಸೂಜಿ ಹೊಸದೇ ಎಂದು ಕೇಳಬೇಕು. ಉಳಿದವರಿಗೆ ಲಸಿಕೆ 0, 1 ಮತ್ತು 6ನೆಯ ತಿಂಗಳಲ್ಲಿ ಮೂರು ಸಲ.

ಪ್ರಶ್ನೆ ಕೇಳಿದವರಿಂದ (ಐದು ವಾರಗಳ ಬಳಿಕ)

ತಾವೆಲ್ಲರೂ ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರ ಪರೀಕ್ಷೆಯೂ ಆಯಿತು. ಪತ್ನಿಗೆ ಸೋಂಕಿಲ್ಲ, ಮೊದಲ ಲಸಿಕೆ ಹಾಕಿಸಿದ್ದೇವೆ. ಅಪ್ಪನಿಗೂ ನನಗೂ ಹಿಂದೆಂದೋ ಸೋಂಕು ಬಂದುಹೋಗಿರುವ ಗುರುತುಗಳಿವೆ, ಈಗ ಇಲ್ಲ. ತಮ್ಮನ ಡಿಎನ್‌ಎ ಪ್ರಮಾಣ ಕಡಿಮೆಯಿದೆ, ಎಸ್‌ಜಿಪಿಟಿ ಸರಿಯಾಗಿದೆ. ಆರು ತಿಂಗಳಿಗೊಮ್ಮೆ ಬರಲು ಹೇಳಿದ್ದಾರೆ, ಮಾತ್ರೆ ಸದ್ಯಕ್ಕೆ ಬೇಡವಂತೆ.

ಅಮ್ಮನಿಗೆ ಪಾಸಿಟಿವ್ ಬಂದಿದೆ. ಅವರಿಗೆ 51 ವರ್ಷ. ಪ್ಲೇಟ್‌ಲೆಟ್ ಕಡಿಮೆ, ಗುಲ್ಮ ಊದಿಕೊಂಡಿದೆ, ಫೈಬ್ರೋಸ್ಕ್ಯಾನಿನಲ್ಲಿ ಸಿರೋಸಿಸ್‌ನ ಆರಂಭವೆಂದು ತಿಳಿಸಿ ಟೆನೊಫೊವಿರ್ ಆರಂಭಿಸಿದ್ದಾರೆ. ಎರಡು ವರ್ಷದಿಂದ ಸಂಜೆಯಾದರೆ ಸುಸ್ತು ಎನ್ನುತ್ತಿದ್ದರು, ನಾವು ವಯಸ್ಸಿನ ಕಾರಣವೆಂದುಕೊಂಡಿದ್ದೆವು. ವರದಿ ಬಂದ ರಾತ್ರಿ ಅವರು ಊಟ ಮಾಡಲಿಲ್ಲ. ನನ್ನಿಂದಲೇ ಮಗನಿಗೆ ಬಂತು, ನಾನೇ ಅವನನ್ನು ದೂರವಿಟ್ಟೆ ಎಂದು ಅತ್ತರು. ಈಗ ತಮ್ಮನೇ ದಿನವೂ ನೆನಪಿಟ್ಟು ಅವರಿಗೆ ಮಾತ್ರೆ ಕೊಡುತ್ತಾನೆ.

ಚಿತ್ರದುರ್ಗಕ್ಕೆ ಕೊಟ್ಟಿರುವ ನಮ್ಮ ಅಕ್ಕ ಮಾತ್ರ ಪರೀಕ್ಷೆಗೆ ಒಪ್ಪುತ್ತಿಲ್ಲ. ಅತ್ತೆಮನೆಯಲ್ಲಿ ತಿಳಿದರೆ ಏನಾಗುವುದೋ ಎಂಬ ಭಯ. ಅವಳಿಗೆ ನಾಲ್ಕು ವರ್ಷದ ಮಗಳಿದ್ದಾಳೆ. ಏನು ಹೇಳಿ ಒಪ್ಪಿಸಲಿ?

ಉತ್ತರ (ವೈದ್ಯ, ಮೈಸೂರು)

ನಿಮ್ಮ ತಾಯಿಯವರಿಗೆ ಈ ಮಾತನ್ನು ಓದಿ ಹೇಳಿ. ಅವರಿಗೂ ಇದು ಬಹುಶಃ ಅವರ ತಾಯಿಯಿಂದಲೋ, ಎಳವೆಯಲ್ಲಿ ಕುದಿಸದೆ ಚುಚ್ಚಿದ ಯಾವುದೋ ಸೂಜಿಯಿಂದಲೋ ಬಂದಿರುತ್ತದೆ. ತಮಗೇ ತಿಳಿಯದೆ ಬಂದು ತಮಗೇ ತಿಳಿಯದೆ ಹೋದದ್ದಕ್ಕೆ ಅಪರಾಧಿಯಾಗುವುದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ ಇತ್ತು. ಅವರಲ್ಲಿ ಬಹುಪಾಲು ಜನರಿಗೆ ಅದು ತಿಳಿದೇ ಇಲ್ಲ. ಮಗ ರಕ್ತ ಕೊಡಲು ಹೋದದ್ದರಿಂದ ಅವರ ಸಿರೋಸಿಸ್ ಹೊಟ್ಟೆಯಲ್ಲಿ ನೀರು ತುಂಬುವ ಮೊದಲೇ ಸಿಕ್ಕಿದೆ. ಈ ಹಂತದಲ್ಲಿ ವೈರಾಣುವನ್ನು ಅಡಗಿಸಿದರೆ ಕಟ್ಟಿದ ನಾರು ಎಷ್ಟೋ ಜನರಲ್ಲಿ ವರ್ಷಗಳ ಮೇಲೆ ಕರಗಿರುವುದುಂಟು. ಮೂತ್ರಪಿಂಡದ ಪರೀಕ್ಷೆ ಆಗಾಗ ಆಗಲಿ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬೇಡಿ, ಕ್ಯಾನ್ಸರ್ ಚಿಕ್ಕದಿರುವಾಗಲೇ ಕಾಣುವುದು ಅದರಿಂದ. ಎಂಡೋಸ್ಕೋಪಿ ಬೇಕೇ ಎಂದು ಕೇಳಿ. ನಿಮ್ಮದು ಶೇಂಗಾ, ಮೆಕ್ಕೆಜೋಳ ಬೆಳೆಯುವ ಸೀಮೆಯಾದ್ದರಿಂದ ಇದನ್ನೂ ಹೇಳುತ್ತೇನೆ: ಬೂಸ್ಟು ಹಿಡಿದ ಕಾಳುಗಳಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಹೆಪಟೈಟಿಸ್ ಬಿ ಇರುವವರಲ್ಲಿ ಅದು ಯಕೃತ್ತಿನ ಕ್ಯಾನ್ಸರಿನ ಅಪಾಯವನ್ನು ಬಹಳ ಹೆಚ್ಚಿಸುತ್ತದೆ. ಅಂಥ ಕಾಳನ್ನು ಆರಿಸಿ ಬಳಸುವುದೂ ಬೇಡ, ಎಸೆದುಬಿಡಿ.

ಅಕ್ಕನಿಗೆ ಹೇಳಬೇಕಾದದ್ದು ಅತ್ತೆಮನೆಯ ಮಾತಲ್ಲ, ಮಗಳ ಮಾತು. ಮಗುವಿನ ಲಸಿಕೆ ಕಾರ್ಡಿನಲ್ಲಿ ಹುಟ್ಟಿದ ದಿನದ ಹೆಪಟೈಟಿಸ್ ಬಿ ಲಸಿಕೆಯೂ, 6, 10, 14ನೆಯ ವಾರದ, ಹೆಪಟೈಟಿಸ್ ಬಿಯೂ ಸೇರಿರುವ ಪೆಂಟಾವೇಲೆಂಟ್ ಲಸಿಕೆಗಳೂ ದಾಖಲಾಗಿವೆಯೇ ಎಂದು ಮೊದಲು ನೋಡಲಿ. ಆಗಿದ್ದರೆ ಮಗು ಸುರಕ್ಷಿತವಾಗಿರುವ ಸಂಭವವೇ ಹೆಚ್ಚು, ಆದರೂ ತಾಯಿಗೆ ಸೋಂಕಿದ್ದರೆ ಮಗುವಿನ ರಕ್ತವನ್ನು ಒಮ್ಮೆ ನೋಡಲೇಬೇಕು. ಅಕ್ಕನ ಪರೀಕ್ಷೆಯ ವಿಷಯವನ್ನು ಯಾರಿಗೆ ಹೇಳಬೇಕು ಎಂಬುದು ಅವಳ ತೀರ್ಮಾನ. ಸೋಂಕಿದ್ದರೆ ಗಂಡನಿಗೆ ಲಸಿಕೆ ಬೇಕಾಗುವುದರಿಂದ ಅವರಿಗೆ ತಿಳಿಸುವುದು ಅಗತ್ಯ, ಆ ಮಾತನ್ನು ವೈದ್ಯರ ಎದುರಿನಲ್ಲೇ ಆಡಬಹುದು. ಅಂಥ ಮಾತುಗಳನ್ನು ನಾನು ಎಷ್ಟೋ ಸಲ ಆಡಿಸಿದ್ದೇನೆ, ಹೆದರಿದಷ್ಟು ಕೆಟ್ಟದಾಗಿ ಮುಗಿದದ್ದು ಕಡಿಮೆ.

ಪ್ರಶ್ನೆ ಕೇಳಿದವರಿಂದ

ನಿನ್ನೆ ಅಕ್ಕ ಮಗಳ ಲಸಿಕೆ ಕಾರ್ಡಿನ ಚಿತ್ರ ಕಳಿಸಿದಳು. ಹುಟ್ಟಿದ ದಿನದ ಲಸಿಕೆಯ ದಿನಾಂಕ ಅದರಲ್ಲಿದೆ, ಉಳಿದ ಮೂರೂ ಇವೆ. ಸೋಮವಾರ ಅಮ್ಮನಿಗೆ ರಕ್ತಪರೀಕ್ಷೆಗೆ ಹೋಗಬೇಕಾಗಿದೆ. ಅಕ್ಕ ಭಾನುವಾರ ರಾತ್ರಿಯೇ ಬಂದು ಅವರ ಜೊತೆ ತಾನೂ ರಕ್ತ ಕೊಡುವುದಾಗಿ ಹೇಳಿದ್ದಾಳೆ. ಭಾವ ಕೂಡ ಬರುತ್ತಾರಂತೆ.